ಸುತ್ ಸಾಖೊನ್‌ನ ಕುದುರೆಗೆ ನಮ್ಮಣ್ಣನ ದನಿ

ನಮ್ಮ ಓಣಿಯಲ್ಲಿ ಮೊದಲು ಟಿವಿ ಬಂದದ್ದು ಕಿರಾಣಿ ಅಂಗಡಿಯವರ ಮನೆಗೆ. ತೊಂಬತ್ತರ ದಶಕದ ಶುರು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬರುತ್ತಿತ್ತು. ಅದನ್ನು ಮಾಡಿದವರು ಜಪಾನಿನವರು, ಅದು ಮಾತಾಡುತ್ತಿದ್ದದ್ದು ಹಿಂದಿಯಲ್ಲಿ, ನೆಲದ ಮೇಲೆ ಕೂತು ನೋಡುತ್ತಿದ್ದವರು ಹಿಂದಿಯ ಗಂಧಗಾಳಿ ಇಲ್ಲದ ಹದಿನೈದು ಹುಡುಗರು.

ನಮ್ಮಣ್ಣ ಆಗ ಆರನೇ ಕ್ಲಾಸು. ಶಾಲೆಯಲ್ಲಿ ಹಿಂದಿ ಪಾಠ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಅವನಿಗೆ ಅಷ್ಟೇ ಸಾಕಾಯಿತು. ಟಿವಿ ಇಟ್ಟ ಮೇಜಿಗೆ ಆತುಕೊಂಡು ನಿಂತು ನಮಗೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ. ಶೇರ್ ಖಾನ್ ಬಾಯಿ ತೆರೆದರೆ ಅಣ್ಣ ದನಿ ದಪ್ಪ ಮಾಡಿ, ‘ಲೇ ಮೋಗ್ಲಿ, ನಿಮ್ಮಪ್ಪ ನನಗ ಐವತ್ತು ರೂಪಾಯಿ ಕೊಡೋದೈತಿ, ಯಾವಾಗ ಕೊಡ್ತೀ?’ ಅನ್ನುತ್ತಿದ್ದ. ಹುಲಿ ಆ ಹುಡುಗನ ಬೆನ್ನು ಬಿದ್ದಿರುವುದು ಬಾಕಿ ವಸೂಲಿಗೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಬಾಲೂ ಕರಡಿ ಮೋಗ್ಲಿಗೆ ಸೋದರಮಾವ. ಕಾ ಅನ್ನೋ ಹಾವು ನಮ್ಮ ಗಣಿತದ ಮಾಸ್ತರ ಹಾಗೆ ಎಳೆದೆಳೆದು ಮಾತಾಡುತ್ತಿತ್ತು.

ಹಿಂದಿಯಲ್ಲಿ ಆ ಹುಲಿಗೆ ದನಿ ಕೊಟ್ಟವರು ನಾನಾ ಪಾಟೇಕರ್ ಅಂತ ಆಮೇಲೆ ಗೊತ್ತಾಯಿತು. ಒಮ್ಮೆ ಹುಡುಕಿ ಕೇಳಿದೆ ಕೂಡ. ಚೆನ್ನಾಗಿದೆ. ಆದರೆ ಅದು ನಮ್ಮ ಹುಲಿಯ ದನಿ ಅನ್ನಿಸಲಿಲ್ಲ.

ಇದೆಲ್ಲ ಮರೆತುಹೋಗಿತ್ತು. ಮತ್ತೆ ನೆನಪಾದದ್ದು ಬ್ಯಾಂಕಾಕಿನ ಒಂದು ನೂಡಲ್ಸ್ ಅಂಗಡಿಯಲ್ಲಿ.

ಆಫೀಸಿನ ಕೆಲಸದ ಮೇಲೆ ಎಂಟು ತಿಂಗಳು ಅಲ್ಲಿದ್ದೆ. ಲಾತ್ ಫ್ರಾವ್ ಕಡೆ ಒಂದು ಸಣ್ಣ ಗಲ್ಲಿಯಲ್ಲಿ ರೂಮು, ಕೆಳಗೆ ನೂಡಲ್ಸ್ ಅಂಗಡಿ. ನಡೆಸುತ್ತಿದ್ದ ಹೆಂಗಸಿಗೆ ಅರವತ್ತು ದಾಟಿತ್ತು. ಎಲ್ಲರೂ ಅವರನ್ನು ‘ಪಾ’ ಅನ್ನುತ್ತಿದ್ದರು, ಅಂದರೆ ದೊಡ್ಡಮ್ಮ. ನಾನೂ ಪಾ ಅಂದೆ. ಥಾಯ್ ಜನಕ್ಕೂ ನಮ್ಮ ಹಾಗೇ ಎಲ್ಲರನ್ನೂ ಒಟ್ಟಿಗೆ ಅಂಕಲ್ ಆಂಟಿ ಅಂದರೆ ಸಮಾಧಾನವಿಲ್ಲ. ಅಪ್ಪ ಅಮ್ಮನಿಗಿಂತ ದೊಡ್ಡವಳಾದರೆ ಪಾ. ಅಮ್ಮನಿಗೆ ತಮ್ಮನೋ ತಂಗಿಯೋ ಆದರೆ ‘ನಾ’. ಅಪ್ಪನ ಕಡೆಯವರಾದರೆ ‘ಆ’. ದೊಡ್ಡಮ್ಮ, ಚಿಕ್ಕಮ್ಮ, ಮಾಮ, ಅತ್ತೆ ಅಂತ ಬೆಳೆದವನಿಗೆ ಇದು ಒಂದೇ ದಿನದಲ್ಲಿ ಬಾಯಿಗೆ ಕೂತಿತು.

ಶನಿವಾರ ಬೆಳಿಗ್ಗೆ ಅಂಗಡಿಯ ಟಿವಿಯಲ್ಲಿ ಕಾರ್ಟೂನು. ಪಾ ಅವರ ಮೊಮ್ಮಗಳು ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದಳು. ನೀಲಿ ಬೆಕ್ಕು ಡೋರೆಮಾನ್ ಪಟಪಟ ಥಾಯ್ ಮಾತಾಡುತ್ತಿತ್ತು. ಒಂದು ಸಲ ಇನ್ಯಾವುದೋ ಕಾರ್ಟೂನಿನಲ್ಲಿ ಒಬ್ಬನ ಬಾಯಿಯ ಸುತ್ತ ಮಬ್ಬು. ಏನದು ಅಂತ ಕೇಳಿದೆ. ‘ಸಿಗರೇಟು’ ಅಂತ ಪಾ ನಕ್ಕರು. ಅಲ್ಲಿ ಟಿವಿಯಲ್ಲಿ ಕಾರ್ಟೂನಿನವನು ಸೇದುವ ಸಿಗರೇಟನ್ನೂ ಮಸುಕು ಮಾಡುತ್ತಾರೆ.

ಡೋರೆಮಾನ್‌ಗೆ ಯಾರ ದನಿ ಅಂತ ಪಾ ಅವರ ಅಕ್ಕನ ಮಗನನ್ನು ಕೇಳಿದೆ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಛಂತನಾ ಥಾರಾಚನ್ ಅನ್ನೋ ಹೆಂಗಸು, ನಾನು ಚಿಕ್ಕವನಿದ್ದಾಗಿನಿಂದ ಅವರೇ ‘ಫಾಕ್’ ಮಾಡುತ್ತಿರುವುದು ಅಂದ. ಫಾಕ್ ಅಂದರೆ ಡಬ್ಬಿಂಗ್. ಡಬ್ಬಿಂಗ್ ಮಾಡುವವರು ‘ನಕ್ ಫಾಕ್’.

ರಾತ್ರಿ ಸುಮ್ನೆ ಡಿಕ್ಷನರಿ ತೆಗೆದು ನೋಡಿದೆ. ಫಾಕ್ ಅನ್ನೋದು ನಮ್ಮ ‘ವಾಕ್ಯ’! ಸಂಸ್ಕೃತದಿಂದ ಹೋದ ಎಷ್ಟೋ ಪದಗಳಲ್ಲಿ ವಕಾರ ಅಲ್ಲಿ ಫಕಾರ ಆಗುತ್ತೆ. ವಾಹನ ಹೋಗಿ ಫಾಹನ ಆದ ಹಾಗೆ ವಾಕ್ಯ ಫಾಕ್ ಆಗಿದೆ. ನಾವು ವ್ಯಾಕರಣ ಪುಸ್ತಕದಲ್ಲಿ ಕಟ್ಟಿಹಾಕಿದ ಪದಕ್ಕೆ ಅಲ್ಲಿ ಬೆಕ್ಕಿನ ಬಾಯಲ್ಲಿ ಮಾತು ತುಂಬುವ ಕೆಲಸ.

ಈ ಪದ ಸಿನಿಮಾಕ್ಕಿಂತ ತುಂಬಾ ಹಳೆಯದು. ಥಾಯ್ ಅರಮನೆಗಳಲ್ಲಿ ‘ಖೋನ್’ ಅಂತ ಒಂದು ಆಟ ಇದೆ. ರಾಮಾಯಣದ ಕಥೆ, ಅಲ್ಲಿ ಅದಕ್ಕೆ ರಾಮಕಿಯೆನ್ ಅನ್ನುತ್ತಾರೆ. ಕುಣಿಯುವವರಲ್ಲಿ ಬಹಳಷ್ಟು ಜನ ಮುಖಕ್ಕೆ ಪೂರ್ತಿ ಮುಖವಾಡ ಹಾಕಿರುತ್ತಾರೆ. ಬಾಯಿ ಮುಚ್ಚಿದೆ, ಮಾತಾಡೋದು ಹೇಗೆ? ಪಕ್ಕದಲ್ಲಿ ಕೂತವನು ಅವರೆಲ್ಲರ ಪರವಾಗಿ ಪದ್ಯ ಹೇಳುತ್ತಾನೆ. ಅದೇ ಫಾಕ್. ತೊಗಲಿನಲ್ಲಿ ದೊಡ್ಡ ದೊಡ್ಡ ಚಿತ್ರ ಕೊರೆದು ಬಿಳಿ ಪರದೆ ಮುಂದೆ ಎತ್ತಿ ಆಡಿಸುವ ‘ನಂಗ್ ಯಾಯ್’ ಆಟದಲ್ಲೂ ಅದೇ ಪದ್ಧತಿ.

ನಂಗ್ ಅಂದರೆ ತೊಗಲು. ನಂಗ್ ಅಂದರೆ ಸಿನಿಮಾ ಕೂಡ. ಥಿಯೇಟರಿಗೆ ಹೊರಟವನನ್ನು ಎಲ್ಲಿಗೆ ಅಂತ ಕೇಳಿದರೆ ‘ತೊಗಲು ನೋಡೋಕೆ’ ಅನ್ನುತ್ತಾನೆ. ಸಿನಿಮಾ ಬಂದಾಗ ಜನ ಹೊಸ ಪದ ಹುಡುಕುವ ಉಸಾಬರಿಗೆ ಹೋಗಲಿಲ್ಲ. ಪರದೆ ಇದೆ, ಹಿಂದೆ ಬೆಳಕಿದೆ, ನೆರಳು ಓಡಾಡುತ್ತೆ, ಹಾಗಾದರೆ ಇದು ತೊಗಲಾಟವೇ ಅಂದರು.

ನಾನು ಕೊಪ್ಪಳದವನು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆ ಆಡಿಸಿದ್ದಕ್ಕೆ. ನಮ್ಮ ತೊಗಲುಗೊಂಬೆಯಲ್ಲಿ ರಾಮ, ರಾವಣ, ಸೀತೆ ಎಲ್ಲರೂ ಪುರಾಣದ ಮಾತಾಡುತ್ತಿರುವಾಗ ನಡುವೆ ಕಿಳ್ಳೇಕ್ಯಾತ ನುಗ್ಗುತ್ತಾನೆ. ಡೊಳ್ಳುಹೊಟ್ಟೆ, ಕೆದರಿದ ಕೂದಲು. ಅವನ ಹೆಂಡತಿ ಬಂಗಾರಕ್ಕ. ಇಬ್ಬರೂ ಸೇರಿ ಊರ ಗೌಡನ ಮೇಲೆ, ಎದುರಿಗೆ ಕೂತ ಜನರ ಮೇಲೆ ಜೋಕು ಕಟ್ಟುತ್ತಾರೆ. ಲಂಕೆಯ ಯುದ್ಧದ ನಡುವೆ ನಮ್ಮೂರ ಬಾವಿಯ ಜಗಳ ಬರುತ್ತೆ. ದಕ್ಷಿಣ ಥಾಯ್ಲೆಂಡಿನ ‘ನಂಗ್ ತಲುಂಗ್’ ಅನ್ನೋ ಸಣ್ಣ ತೊಗಲುಗೊಂಬೆ ಆಟದಲ್ಲಿ ಇದೇ ಕೆಲಸಕ್ಕೆ ಆಯ್ ತೇಂಗ್, ನೂ ನುಯ್ ಅನ್ನೋ ಕಪ್ಪು ಬಣ್ಣದ ಕೋಡಂಗಿಗಳಿದ್ದಾರೆ. ಪರದೆ ಹಿಂದೆ ಕೂತ ಒಬ್ಬನೇ ‘ನಾಯ್ ನಂಗ್’, ಅಂದರೆ ತೊಗಲಿನ ಯಜಮಾನ, ರಾಜ, ರಾಣಿ, ರಾಕ್ಷಸ, ಕೋಡಂಗಿ ಎಲ್ಲರ ದನಿಯನ್ನೂ ತೆಗೆಯುತ್ತಾನೆ.

ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೀನಿ ಅಂದರೆ, ಥಾಯ್ ಡಬ್ಬಿಂಗಿನ ಬೇರು ಇಲ್ಲೇ ಇದೆ. ಮೂಕಿ ಚಿತ್ರಗಳ ಕಾಲದ ಕೊನೆಗೆ ‘ತಿತ್ ಖಿಯಾವ್’ ಅನ್ನೋ ಅಡ್ಡಹೆಸರಿನ ಸಿನ್ ಸೀಬುನ್‌ರುವಾಂಗ್ ಥಿಯೇಟರಿನಲ್ಲಿ ಕೂತು ಪರದೇಶದ ಚಿತ್ರಗಳಿಗೆ ಅಲ್ಲೇ, ಆಗಲೇ ಮಾತು ಹೇಳಲು ಶುರುಮಾಡಿದರು. ಜನಕ್ಕೆ ಇದು ವಿಚಿತ್ರ ಅನ್ನಿಸಲಿಲ್ಲ. ಗೊಂಬೆಗೆ ಮಾತು ಹೇಳುವವನು ಬೇರೆ ಇರುತ್ತಾನೆ ಅನ್ನೋದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತಲ್ಲ.

ಎರಡನೇ ಮಹಾಯುದ್ಧದ ನಂತರ ಇದು ಇನ್ನೂ ಜಾಸ್ತಿಯಾಯಿತು. ಯುದ್ಧ ಮುಗಿದಾಗ ಫಿಲ್ಮ್ ಸಿಗುವುದು ಕಷ್ಟ, ದುಡ್ಡೂ ಇಲ್ಲ. ಥಾಯ್ ನಿರ್ಮಾಪಕರು ಅಗ್ಗದ 16 ಎಂಎಂ ಫಿಲ್ಮಿನಲ್ಲಿ ದನಿಯೇ ಇಲ್ಲದೆ ಚಿತ್ರ ತೆಗೆದರು. ಸುಮಾರು 1970ರವರೆಗೂ ಅಲ್ಲಿನ ಬಹುಪಾಲು ಸಿನಿಮಾ ಹೀಗೇ ನಡೆದದ್ದು. ತಮ್ಮದೇ ಭಾಷೆಯ ಚಿತ್ರಕ್ಕೂ ಪ್ರತಿ ಶೋದಲ್ಲಿ ಯಾರೋ ಕೂತು ಮಾತು ಹೇಳಬೇಕು! ಒಳ್ಳೆ ನಕ್ ಫಾಕ್ ಇದ್ದಾರೆ ಅಂದರೆ ಜನ ಅವರಿಗಾಗಿಯೇ ಬರುತ್ತಿದ್ದರು.

ಪಾ ಅವರ ಊರು ಇಸಾನ್, ಥಾಯ್ಲೆಂಡಿನ ಈಶಾನ್ಯದ ಒಣಭೂಮಿ. ಅವರು ಚಿಕ್ಕವರಿದ್ದಾಗ ಅಲ್ಲಿಗೆ ‘ನಂಗ್ ಖಾಯ್ ಯಾ’ ಬರುತ್ತಿತ್ತಂತೆ. ಔಷಧಿ ಮಾರುವ ತೊಗಲು ಅಂತ ಅರ್ಥ. ಔಷಧಿ ಕಂಪನಿಗಳ ವ್ಯಾನು ಹಳ್ಳಿ ಹಳ್ಳಿ ಸುತ್ತಿ ದೇವಸ್ಥಾನದ ಬಯಲಲ್ಲಿ ಬಿಟ್ಟಿ ಸಿನಿಮಾ ತೋರಿಸುತ್ತಿದ್ದವು. ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ ತಲೆನೋವಿನ ಪುಡಿ, ಹೊಟ್ಟೆನೋವಿನ ಗುಳಿಗೆ ಮಾರುವುದು. ಸಾಕಷ್ಟು ಮಾರಾಟವಾದರೆ ಮುಂದಿನ ರೀಲು.

ಪಾ ಪಾತ್ರೆ ತೊಳೆಯುತ್ತಾ ಇದನ್ನು ಹೇಳುತ್ತಿದ್ದರು. ಹುಡುಗ ಇಂಗ್ಲಿಷಿಗೆ ತರುತ್ತಿದ್ದ. ಪ್ರೊಜೆಕ್ಟರಿನ ಪಕ್ಕ ಒಂದು ಮೇಜು, ಮೇಜಿನ ಮೇಲೆ ಸಣ್ಣ ದೀಪ, ಒಂದು ಮೈಕು. ಒಬ್ಬನೇ ಗಂಡಸು. ಹೀರೋ ಅವನೇ, ವಿಲನ್ ಅವನೇ, ಹೀರೋಯಿನ್ ಅಳುವಾಗ ಮೂಗಿನಲ್ಲಿ ಅಳುವವನೂ ಅವನೇ. ಕುದುರೆ ಓಡಿದರೆ ತೆಂಗಿನ ಚಿಪ್ಪು ಬಡಿಯುತ್ತಿದ್ದ. ಊರಿಗೆ ಬಂದ ಕೂಡಲೇ ಮುಖ್ಯಸ್ಥನ ಹೆಸರು, ಊರಲ್ಲಿ ಯಾರು ಜಾಸ್ತಿ ಕುಡಿಯುತ್ತಾರೆ ಅನ್ನೋದನ್ನೆಲ್ಲ ವಿಚಾರಿಸಿ ಇಟ್ಟುಕೊಂಡಿರುತ್ತಿದ್ದ. ರಾತ್ರಿ ಪರದೆ ಮೇಲೆ ಬ್ಯಾಂಕಾಕಿನ ದೊಡ್ಡ ಹೀರೋ ಕುಡುಕನೊಬ್ಬನಿಗೆ ಗುದ್ದಿ, ಊರಿನ ಆ ಕುಡುಕನ ಹೆಸರು ಹಿಡಿದು ಬೈಯುತ್ತಿದ್ದ. ಅದೂ ಇಸಾನ್ ಮಾತಿನಲ್ಲಿ. ‘ಸಿನಿಮಾ ಹೆಸರು ಒಂದೂ ನೆನಪಿಲ್ಲ, ಆ ಮನುಷ್ಯನ ದನಿ ನೆನಪಿದೆ’ ಅಂದರು ಪಾ.

ನಾನು ಆಗ ಶೇರ್ ಖಾನ್ ಐವತ್ತು ರೂಪಾಯಿ ಕೇಳಿದ ಕಥೆ ಹೇಳಿದೆ. ಹುಡುಗ ಅದನ್ನು ಥಾಯ್‌ಗೆ ತಂದ. ಪಾ ಸೋಪಿನ ಕೈಯಲ್ಲೇ ಚಪ್ಪಾಳೆ ಹೊಡೆದು, ‘ಹಾಗಾದರೆ ನಿಮ್ಮಣ್ಣ ನಕ್ ಫಾಕ್!’ ಅಂದರು.

ವಿಡಿಯೋ ಟೇಪು ಬಂದ ಮೇಲೆ ಈ ಚಾಳಿ ಟೇಪಿಗೂ ಬಂತು. ಹಾಂಗ್‌ಕಾಂಗ್ ಚಿತ್ರಗಳಿಗೆ ದನಿ ಕೊಡುತ್ತಿದ್ದ ‘ಫನ್ತಮಿತ್’ ಅನ್ನೋ ತಂಡವಂತೂ ದಂತಕಥೆ. ಬಂಧ, ಮಿತ್ರ ಎರಡೂ ಸೇರಿದ ಹೆಸರು. ಮೂಲದಲ್ಲಿ ಇಲ್ಲದ ಜೋಕು, ಥಾಯ್ ರಾಜಕಾರಣಿಗಳ ಮೇಲೆ ಕುಟುಕು, ಆ ವಾರದ ಗಾಸಿಪ್ಪು ಎಲ್ಲ ತುರುಕುತ್ತಿದ್ದರು. ಚಿತ್ರ ಶುರುವಾಗುವಾಗ ಒಬ್ಬ ಗಂಭೀರವಾಗಿ ‘ಥಾಯ್ ದನಿ ಕೊಟ್ಟವರು ಫನ್ತಮಿತ್’ ಅನ್ನುತ್ತಿದ್ದ. ಆ ಒಂದು ಸಾಲು ಕೇಳಿದರೆ ಮೂವತ್ತು ದಾಟಿದ ಥಾಯ್ ಜನ ಇವತ್ತಿಗೂ ನಗುತ್ತಾರೆ. ಇದು ಅನುವಾದಕ್ಕೆ ಮಾಡಿದ ಮೋಸ ಅನ್ನುವವರು ಅಲ್ಲೂ ಇದ್ದಾರೆ. ನನಗೇನೋ ಇವರು ಕಿಳ್ಳೇಕ್ಯಾತನ ನೆಂಟರ ಹಾಗೆ ಕಂಡರು.

ಕಾರ್ಟೂನಿಗೆ ಬರುತ್ತೇನೆ. ಥಾಯ್ ಟಿವಿಯ 9ನೇ ಚಾನೆಲ್ಲಿನಲ್ಲಿ ಡೋರೆಮಾನ್ ಶುರುವಾದದ್ದು 1982ರಲ್ಲಿ. ವಾರದ ಕೊನೆಯ ಬೆಳಿಗ್ಗೆ ಬರುತ್ತಿದ್ದ ಈ ಚಾನೆಲ್ಲಿನ ಕಾರ್ಟೂನುಗಳಿಗೆ ಒಂದು ಮುಖವೂ ಇತ್ತು. ನಿರನ್ ಬುನ್ಯರತ್ತಫನ್ ಅಂತ. ಆದರೆ ಆ ಹೆಸರು ಹೇಳಿದರೆ ಎಷ್ಟೋ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ‘ನಾ ತೊಯ್ ಸೆಂಬೆ’ ಅನ್ನಬೇಕು. ನಾ ಅಂದರೆ ಅಮ್ಮನ ತಮ್ಮ, ನಮ್ಮ ಲೆಕ್ಕದಲ್ಲಿ ಮಾಮ. ತೊಯ್ ಅವರನ್ನು ಮನೆಯಲ್ಲಿ ಕರೆಯುವಂಥ ಅಡ್ಡಹೆಸರು. ಸೆಂಬೆ ಅನ್ನೋದು ಅವರು ದನಿ ಕೊಟ್ಟ ಒಂದು ಜಪಾನಿ ಕಾರ್ಟೂನಿನ ವಿಜ್ಞಾನಿ ಪಾತ್ರದ ಹೆಸರು. ಪಾತ್ರ ಮುಗಿದರೂ ಹೆಸರು ಅಂಟಿಕೊಂಡಿತು. ಒಂದಿಡೀ ದೇಶದ ಮಕ್ಕಳಿಗೆ ಒಬ್ಬ ಸೋದರಮಾವ, ಅವನಿಗೆ ಜಪಾನಿ ಕೊನೆಹೆಸರು. ನಮ್ಮಣ್ಣ ಬಾಲೂ ಕರಡಿಯನ್ನು ಮೋಗ್ಲಿಯ ಸೋದರಮಾವ ಮಾಡಿದ್ದು ಅಷ್ಟೇನೂ ದಡ್ಡತನ ಅಲ್ಲ ಅಂತ ಆಗ ಅನ್ನಿಸಿತು.

ದನಿ ಒಮ್ಮೆ ನಮ್ಮದಾದರೆ ಗೊಂಬೆಯೂ ನಮ್ಮದಾಗುತ್ತೆ. ಎಷ್ಟರಮಟ್ಟಿಗೆ ಅಂದರೆ, ಸುಫನ್ ಬುರಿಯ ವಾಟ್ ಸಂಪಸಿಯೂ ದೇವಸ್ಥಾನದ ಗೋಡೆಚಿತ್ರಗಳಲ್ಲಿ ಬುದ್ಧನ ಕಥೆಯ ನಡುವೆ ಡೋರೆಮಾನ್ ಅಡಗಿ ಕೂತಿದೆ. ಮಕ್ಕಳು ಹುಡುಕಲಿ ಅಂತ. ಇನ್ನೂ ಒಂದಿದೆ. ಮಳೆ ಬಾರದಿದ್ದರೆ ಥಾಯ್ ಹಳ್ಳಿಗಳಲ್ಲಿ ಬೆಕ್ಕಿನ ಮೆರವಣಿಗೆ ಮಾಡುತ್ತಾರೆ, ‘ಹೇ ನಾಂಗ್ ಮೆವ್’ ಅಂತ. ಹೆಣ್ಣು ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಹೊತ್ತು ಮನೆ ಮನೆಗೆ ಹೋಗುವುದು, ಮನೆಯವರು ಅದರ ಮೇಲೆ ನೀರು ಎರಚುವುದು. ಬೆಕ್ಕು ಕಿರುಚಿದರೆ ಮಳೆ. ಪಾಪ, ಬೆಕ್ಕಿಗೆ ಹಿಂಸೆ ಅಂತ ಈಗ ಕೆಲವು ಊರಿನವರು ಬುಟ್ಟಿಯಲ್ಲಿ ಡೋರೆಮಾನ್ ಗೊಂಬೆ ಕೂರಿಸುತ್ತಾರೆ. ಅದೂ ಬೆಕ್ಕೇ ತಾನೆ?

ಆ ಫೋಟೋ ನೋಡಿ ನನಗೆ ನಮ್ಮೂರ ಗುರ್ಚಿ ನೆನಪಾಯಿತು. ಹಂಚಿನ ಮೇಲೆ ಸೆಗಣಿ, ಗರಿಕೆ ಇಟ್ಟು ಹುಡುಗನೊಬ್ಬನ ತಲೆ ಮೇಲೆ ಹೊರಿಸಿ ಮನೆ ಮನೆಗೆ ಹೋಗುತ್ತಿದ್ದೆವು. ಹೆಂಗಸರು ತಂಬಿಗೆಯಿಂದ ನೀರು ಸುರಿಯುತ್ತಿದ್ದರು. ಒಂದು ವರ್ಷ ಹೊತ್ತವನು ನಾನೇ. ಮಳೆ ಬರಲಿಲ್ಲ, ನನಗೆ ನೆಗಡಿ ಬಂತು.

ಥಾಯ್‌ಗೆ ದನಿ ಕೊಡುವುದು ಸುಲಭದ ಕೆಲಸವೇನಲ್ಲ. ಆ ಭಾಷೆಯಲ್ಲಿ ಸ್ವರ ಏರಿದರೆ, ಇಳಿದರೆ ಅರ್ಥವೇ ಬದಲು. ‘ಮಾ’ ಅಂತ ಸಮವಾಗಿ ಅಂದರೆ ಬಾ. ಕೆಳಗಿನಿಂದ ಮೇಲಕ್ಕೆ ಎಳೆದರೆ ನಾಯಿ. ಮೇಲೇ ಹಿಡಿದರೆ ಕುದುರೆ. ಮಾತಿನಲ್ಲಾದರೆ ಹೇಗೋ ಆಗುತ್ತೆ. ಹಾಡಿನಲ್ಲಿ ಏನು ಮಾಡೋದು? ಪರದೇಶದ ಕಾರ್ಟೂನಿನ ಹಾಡಿಗೆ ರಾಗ ಮೊದಲೇ ಕೂತಿರುತ್ತೆ. ರಾಗ ಏರುವ ಕಡೆ ಏರುವ ಪದವನ್ನೇ, ಇಳಿಯುವ ಕಡೆ ಇಳಿಯುವ ಪದವನ್ನೇ ಹುಡುಕಬೇಕು. ಜೊತೆಗೆ ತುಟಿ ಮುಚ್ಚುವ ಕಡೆ ತುಟಿ ಮುಚ್ಚುವ ಅಕ್ಷರವೂ ಬೇಕು. ತಪ್ಪಿದರೆ ರಾಜಕುಮಾರಿ ಭಾವುಕಳಾಗಿ ನಾಯಿಯನ್ನು ಹತ್ತಿ ಕಾಡಿಗೆ ಹೋಗುತ್ತಾಳೆ.

ಇಷ್ಟೆಲ್ಲ ನುರಿತ ದನಿಗಳಿರುವ ದೇಶದಲ್ಲಿ ಅವರದೇ ಕಾರ್ಟೂನು ಎಲ್ಲಿ ಅಂತ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಒಂದು ಹೆಸರು ಹೇಳಿದ. ಪಯುತ್ ಙಾವ್‌ಕ್ರಚಾಂಗ್.

ಹೌದು, ಙ. ಒಂದನೇ ಕ್ಲಾಸಿನಿಂದ ಕಖಗಘದ ಕೊನೆಗೆ ಸುಮ್ನೆ ಕೂತಿದ್ದ ಅಕ್ಷರಕ್ಕೆ ನನ್ನ ಜೀವನದಲ್ಲಿ ಮೊದಲ ಸಲ ಕೆಲಸ ಸಿಕ್ಕಿತು. ‘ಙಾವ್’ ಅಂದರೆ ನೆರಳು, ‘ಕ್ರಚಾಂಗ್’ ಅಂದರೆ ಸ್ಪಷ್ಟ, ತಿಳಿಯಾದ. ಹೆಸರಲ್ಲೇ ತೊಗಲಾಟ ಇಟ್ಟುಕೊಂಡು ಹುಟ್ಟಿದ ಮನುಷ್ಯ. 1929ರಲ್ಲಿ, ಸಮುದ್ರದ ದಂಡೆಯ ಪ್ರಚುವಾಪ್ ಖಿರಿ ಖನ್ ಊರಿನಲ್ಲಿ. ಚಿಕ್ಕವನಿದ್ದಾಗ ತಾನೇ ನೆರಳುಗೊಂಬೆ ಮಾಡಿ ಆಡಿಸಿದ. ಫೀಲಿಕ್ಸ್ ಅನ್ನೋ ಅಮೆರಿಕದ ಕಪ್ಪು ಬೆಕ್ಕಿನ ಕಾರ್ಟೂನು ನೋಡಿ ಹುಚ್ಚು ಹಿಡಿಯಿತು. ಅಲ್ಲೂ ಬೆಕ್ಕು!

ಅವನಿಗಿಂತ ಮೊದಲು ಸನೇ ಖ್ಲಾಯ್‌ಖ್ಲುವನ್ ಅನ್ನೋ ಕಲಾವಿದ ಥಾಯ್ ಕಾರ್ಟೂನ್ ಚಿತ್ರ ಮಾಡಬೇಕು ಅಂತ ಒದ್ದಾಡಿ, ಅದು ಕೈಗೂಡುವ ಮೊದಲೇ ತೀರಿಕೊಂಡಿದ್ದ. ಪಯುತ್ ಆ ಕೆಲಸವನ್ನು ಮೈಮೇಲೆ ಹಾಕಿಕೊಂಡ. 1955ರಲ್ಲಿ ಒಂದು ಸಣ್ಣ ಚಿತ್ರ ಮುಗಿಸಿದ. ಬ್ಯಾಂಕಾಕಿನ ನಡುರಸ್ತೆಯಲ್ಲಿ ಟ್ರಾಫಿಕ್ ಪೊಲೀಸ್ ಕುಣಿಯುವ ಹಾಗೆ ಕೈ ಬೀಸುತ್ತಿದ್ದಾನೆ. ಒಬ್ಬಳು ಚೆಲುವೆ ದಾಟುತ್ತಾಳೆ. ಅವನ ಕಣ್ಣು ಆ ಕಡೆ ಹೋಗುತ್ತೆ, ಗಾಡಿಗಳೆಲ್ಲ ಒಂದರ ಮೇಲೊಂದು. ಥಾಯ್ಲೆಂಡಿನ ಮೊದಲ ಕಾರ್ಟೂನ್ ಚಿತ್ರದ ವಿಷಯ ಟ್ರಾಫಿಕ್ ಜಾಮ್ ಅನ್ನೋದು ಬೆಂಗಳೂರಲ್ಲಿ ಇರುವ ನನಗೆ ಯಾಕೋ ತುಂಬಾ ಹತ್ತಿರ ಅನ್ನಿಸಿತು.

ಆಮೇಲೆ ಅಮೆರಿಕದ ಸರ್ಕಾರದ ಪ್ರಚಾರ ವಿಭಾಗಕ್ಕೆ ಕೆಲಸ ಮಾಡಿದ. ಹನುಮಂತನನ್ನು ಕಮ್ಯುನಿಸ್ಟರ ವಿರುದ್ಧ ಯುದ್ಧಕ್ಕೆ ಇಳಿಸಿದ ಚಿತ್ರವೂ ಅದರಲ್ಲಿ ಒಂದು. ಹೊಟ್ಟೆಪಾಡು, ಇರಲಿ. ಅವನ ಮನಸ್ಸಿದ್ದದ್ದು ‘ಸುತ್ ಸಾಖೊನ್’ ಮೇಲೆ.

ಸುನ್ತೊನ್ ಫೂ ಅಂತ 1786ರಲ್ಲಿ ಹುಟ್ಟಿದ ಕವಿ ಥಾಯ್ ಜನಕ್ಕೆ ನಮ್ಮ ಕುಮಾರವ್ಯಾಸನ ಹಾಗೆ ಬಾಯಿಪಾಠ. ಅವನ ದೊಡ್ಡ ಕಾವ್ಯದಲ್ಲಿ ಮತ್ಸ್ಯಕನ್ಯೆಗೆ ಹುಟ್ಟಿದ ಹುಡುಗ ಸುತ್ ಸಾಖೊನ್. ಸಾಖೊನ್ ಅಂದರೆ ಸಾಗರ. ಅವನನ್ನು ಸಾಕುವವನು ದ್ವೀಪದ ‘ರುಸಿ’, ಅಂದರೆ ಋಷಿ. ಹುಡುಗ ಪಳಗಿಸಿ ಹತ್ತುವ ಕುದುರೆಯ ಹೆಸರು ಮಾ ನಿನ್ ಮಂಕೊನ್. ಮಾ, ಮೇಲೆ ಹಿಡಿದ ಮಾ, ಕುದುರೆ. ನಿನ್ ನಮ್ಮ ನೀಲ. ಮಂಕೊನ್ ನಮ್ಮ ಮಕರ, ಅಲ್ಲಿ ಡ್ರ್ಯಾಗನ್ ಆಗಿದೆ. ಅರ್ಧ ಕುದುರೆ, ಅರ್ಧ ಡ್ರ್ಯಾಗನ್.

ಈ ಕಥೆಯನ್ನು ಪಯುತ್ ಪೂರ್ತಿ ಕೈಯಲ್ಲಿ ಬರೆದ ಚಿತ್ರವಾಗಿ 1979ರಲ್ಲಿ ತೆರೆಗೆ ತಂದ. ಒಂದು ಗಂಟೆ ಇಪ್ಪತ್ತು ನಿಮಿಷ ಅಂತ ಹಿಡಿಯಿರಿ. ಸೆಕೆಂಡಿಗೆ 24 ಫ್ರೇಮು. ಎರಡು ಫ್ರೇಮಿಗೆ ಒಂದೇ ಚಿತ್ರ ಬಳಸಿದರೂ ಲೆಕ್ಕ 57,600ಕ್ಕೆ ಬರುತ್ತೆ. ಒಂದಷ್ಟು ಹಾಳೆ ಮತ್ತೆ ಮತ್ತೆ ಬಳಸಿದರು ಅಂದುಕೊಂಡರೂ ಉಳಿಯುವುದೇ ಬೆಟ್ಟದಷ್ಟು. ಉಪಕರಣ ಕೊಳ್ಳಲು ದುಡ್ಡಿಲ್ಲ. ಗುಜರಿ ಸಾಮಾನು, ಯುದ್ಧದಲ್ಲಿ ಉಳಿದ ಯಂತ್ರಗಳ ಬಿಡಿಭಾಗ ಜೋಡಿಸಿ ತಾನೇ ಮಾಡಿಕೊಂಡ. ಆ ಚಿತ್ರ ಮುಗಿಯುವ ಹೊತ್ತಿಗೆ ಕಣ್ಣಿನ ದೃಷ್ಟಿಯ ಒಂದು ಪಾಲು ಹೋಗಿತ್ತು.

ಇಲ್ಲೇ ನನಗೆ ಗಂಟಲು ಕಟ್ಟುವುದು. ಅದೇ ಹೊತ್ತಿಗೆ ಟಿವಿಯವರು ಜಪಾನಿನಿಂದ ಕಾರ್ಟೂನು ತರುತ್ತಿದ್ದರು. ನಾಲ್ಕೈದು ಜನ ಮೈಕಿನ ಮುಂದೆ ಕೂತರೆ ಒಂದು ಕಂತು ಥಾಯ್ ಆಗಿಬಿಡುತ್ತೆ. ದನಿ ಕೊಡುವುದಕ್ಕೆ ಒಂದು ಗಂಟಲು ಸಾಕು. ಚಿತ್ರ ಬರೆಯುವುದಕ್ಕೆ ಒಬ್ಬ ಮನುಷ್ಯನ ಕಣ್ಣು ಹೋಯಿತು. ಲೆಕ್ಕ ನೋಡುವ ಯಾವ ಚಾನೆಲ್ ಎರಡನೆಯದಕ್ಕೆ ದುಡ್ಡು ಹಾಕುತ್ತೆ? ನಾನು ಅಷ್ಟು ಹೊಗಳಿದ ಆ ನಕ್ ಫಾಕ್‌ಗಳ ಕೈಚಳಕವೇ, ಅವರಿಗೆ ಗೊತ್ತಿಲ್ಲದೆ, ಪಯುತ್‌ನ ದಾರಿಗೆ ಅಡ್ಡ ಬಂದಿರಬಹುದು. ಹೊರಗಿನ ಬೆಕ್ಕು ಮನೆ ಬೆಕ್ಕೇ ಆದ ಮೇಲೆ ಮನೆಯಲ್ಲಿ ಬೆಕ್ಕಿಲ್ಲ ಅಂತ ಯಾರಿಗೆ ಅನ್ನಿಸುತ್ತೆ ಹೇಳಿ.

ಥಾಯ್ಲೆಂಡಿನ ಮುಂದಿನ ದೊಡ್ಡ ಆ್ಯನಿಮೇಷನ್ ಚಿತ್ರ ‘ಖಾನ್ ಖ್ಲುವಯ್’ ಬಂದದ್ದು 2006ರಲ್ಲಿ, 27 ವರ್ಷದ ನಂತರ, ಕಂಪ್ಯೂಟರಿನಲ್ಲಿ. ನಿರ್ದೇಶಕ ಕೊಂಪಿನ್ ಖೆಮ್‌ಕುಮ್ನೆರ್ದ್ ಅಮೆರಿಕಕ್ಕೆ ಹೋಗಿ ಡಿಸ್ನಿಯಲ್ಲಿ ಕೆಲಸ ಮಾಡಿ ಬಂದವರು. ಖಾನ್ ಖ್ಲುವಯ್ ಅಂದರೆ ಬಾಳೆ ಎಲೆಯ ದಂಟು. ಬಾಗಿದ ದಂಟಿನ ಹಾಗೆ ಬೆನ್ನಿರುವ ಆನೆ ಲಕ್ಷಣವಂತ ಅಂತ ಅವರ ಗಜಶಾಸ್ತ್ರ. ಬರ್ಮಾದವರ ಮೇಲೆ ಯುದ್ಧ ಮಾಡಿದ ನರೇಸುವನ್ ರಾಜನ ಆನೆಯ ಕಥೆ ಅದು.

ಆ ಚಿತ್ರ ನಾನು ಮೊದಲೇ ನೋಡಿದ್ದೆ! 2008ರ ಕ್ರಿಸ್ಮಸ್ಸಿಗೆ ಹಿಂದಿಯಲ್ಲಿ ‘ಜಂಬೋ’ ಅಂತ ಬಂದಿತ್ತಲ್ಲ, ಅಕ್ಷಯ್ ಕುಮಾರ್ ದನಿ. ಅದೇ ಇದು. ಅಕ್ಕನ ಮಗನ ಜೊತೆ ಕೂತು ಟಿವಿಯಲ್ಲಿ ನೋಡುವಾಗ ಬಾಲಿವುಡ್ಡಿನವರು ಪರವಾಗಿಲ್ಲ, ಆನೆ ಚೆನ್ನಾಗಿ ಮಾಡಿದ್ದಾರೆ ಅಂದುಕೊಂಡಿದ್ದೆ. ಎಷ್ಟೋ ವರ್ಷ ಜಪಾನಿನ ಬೆಕ್ಕನ್ನು ತಮ್ಮದು ಮಾಡಿಕೊಂಡವರ ಆನೆಯನ್ನು ನಾವು ಹೆಸರೂ ಕೇಳದೆ ನಮ್ಮದು ಮಾಡಿಕೊಂಡಿದ್ದೆವು. ಬಾಳೆದಂಟು ಹೋಗಿ ಜಂಬೋ. ಅದಕ್ಕಿಂತ ಬೇಜಾರಿನ ಹೆಸರು ಆನೆಗೆ ಇನ್ನೊಂದಿಲ್ಲ.

2012ರಲ್ಲಿ ‘ಯಕ್’ ಅಂತ ಇನ್ನೊಂದು ಬಂತು. ಯಕ್ ಅಂದರೆ ಯಕ್ಷ, ಅಲ್ಲಿ ರಾಕ್ಷಸನೂ ಅವನೇ. ರಾವಣ ಮತ್ತು ಹನುಮಂತ ಇಬ್ಬರೂ ರೋಬೋಟುಗಳು, ಇಬ್ಬರಿಗೂ ನೆನಪು ಹೋಗಿದೆ, ಒಂದೇ ಸರಪಳಿಯಲ್ಲಿ ಸಿಕ್ಕಿಕೊಂಡು ಗೆಳೆಯರಾಗುತ್ತಾರೆ. ಹಸಿರು ರಾವಣನ ಹೆಸರು ‘ನಾ ಖಿಯಾವ್’, ಹಸಿರು ಮಾಮ. ತೊಗಲಾಟ ಆಡಿಸುವವರಿಗಷ್ಟೇ ಹೊಳೆಯುವ ಐಡಿಯಾ ಅದು. ಉಳಿದಂತೆ ಅಲ್ಲಿನ ಒಳ್ಳೊಳ್ಳೆ ಕೈಗಳು ಬೇರೆ ದೇಶದ ಸ್ಟುಡಿಯೋಗಳ ಕೂಲಿ ಕೆಲಸದಲ್ಲಿವೆ. ಬೆಂಗಳೂರಲ್ಲೂ ಅದೇ ಕಥೆ, ಬಿಡಿ.

ನಮ್ಮದೇ ಕಥೆಗೆ ಒಂದು ಮಾತು. ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಹಟ ಹಿಡಿದೆವು. ನಮ್ಮ ಕಲಾವಿದರ ಅನ್ನ ಹೋಗುತ್ತೆ ಅನ್ನೋ ಭಯ ಸುಳ್ಳಲ್ಲ. ಪಯುತ್‌ನ ಕಥೆ ಓದಿದ ಮೇಲೆ ಆ ಭಯ ನನಗೆ ಮೊದಲಿಗಿಂತ ಚೆನ್ನಾಗಿ ಅರ್ಥವಾಗುತ್ತೆ. ಆದರೆ ಕನ್ನಡದಲ್ಲಿ ಆ್ಯನಿಮೇಷನ್ ಏನು ಹುಟ್ಟಿತು? ನಮ್ಮ ಮಕ್ಕಳು ಅಷ್ಟೂ ವರ್ಷ ಹಿಂದಿಯಲ್ಲಿ ನೋಡಿದರು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನು ಕನ್ನಡ ಮಾತಾಡಿದಾಗ ಅಕ್ಕನ ಮಗ ಎರಡು ದಿನ ಬಾಯಿ ಮುಚ್ಚಿರಲಿಲ್ಲ. ಮೂರನೇ ದಿನ ‘ಅಮ್ಮಾ, ನನಗೆ ತುಂಬಾ ಹಸಿವಾಗುತ್ತಿದೆ’ ಅಂತ ಪುಸ್ತಕದ ಕನ್ನಡದಲ್ಲಿ ರೊಟ್ಟಿ ಕೇಳಿದನಂತೆ. ಕೊಪ್ಪಳದಲ್ಲಿ ಹಾಗೆ ಕೇಳಿದರೆ ರೊಟ್ಟಿ ಸಿಗೋದು ಕಷ್ಟ. ದೊಡ್ಡವರ ಚಿತ್ರಗಳ ಜಗಳಕ್ಕೆ 2015ರಲ್ಲಿ ಭಾರತದ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಈಗ ಡಬ್ಬಿಂಗ್ ಬೇಕಾದಷ್ಟು ಬರುತ್ತೆ. ಆದರೆ ಎಲ್ಲ ಪಾತ್ರವೂ ಒಂದೇ ವಾರ್ತೆಯ ಕನ್ನಡ ಮಾತಾಡುತ್ತೆ. ಬಳ್ಳಾರಿಯ ಹುಲಿ, ಕುಂದಾಪುರದ ಕರಡಿ, ಮಂಡ್ಯದ ನರಿ ಯಾಕಿರಬಾರದು?

ಬ್ಯಾಂಕಾಕ್ ಬಿಡುವ ಮುಂಚೆ ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಸುತ್ ಸಾಖೊನ್ ನೋಡಿದೆ. ಗೀರು ಬಿದ್ದ ಪ್ರತಿ, ಬಣ್ಣ ಮಾಸಿದೆ, ಸಬ್‌ಟೈಟಲ್ ಇಲ್ಲ. ಕೆಲವು ಕಡೆ ಚಲನೆ ತಡವರಿಸುತ್ತೆ. ಸಮುದ್ರದ ಅಲೆ ಮಾತ್ರ, ಆಹಾ, ಅದನ್ನು ದಂಡೆಯ ಊರಲ್ಲಿ ಬೆಳೆದವನೇ ಬರೆಯಬೇಕು. ಬೆತ್ತಲೆ ಜೋಗಿಯೊಬ್ಬ ಬರುತ್ತಾನೆ, ಹುಡುಗನನ್ನು ನಯವಾಗಿ ಮಾತಾಡಿಸಿ ಕಮರಿಗೆ ತಳ್ಳಿ ಕೋಲು, ಕುದುರೆ ಎರಡನ್ನೂ ಕದಿಯುತ್ತಾನೆ. ಆಗ ಋಷಿ ಬಂದು ಹುಡುಗನನ್ನು ಎಬ್ಬಿಸಿ, ಮನುಷ್ಯರನ್ನು ನಂಬಬೇಡ, ಸುತ್ತಿಕೊಂಡ ಬಳ್ಳಿಗಿಂತ ಅವರ ಮನಸ್ಸು ಡೊಂಕು ಅನ್ನುತ್ತಾನೆ. ಥಾಯ್ ಮಕ್ಕಳಿಗೆ ಶಾಲೆಯಲ್ಲೇ ಬಾಯಿಪಾಠವಾಗುವ ಪದ್ಯ ಅದು. ಪಾ ಅವರ ಅಕ್ಕನ ಮಗ ಮೊದಲೇ ಕಥೆ ಹೇಳಿದ್ದಕ್ಕೆ ನನಗೆ ಇಷ್ಟು ಗೊತ್ತಾಯಿತು. ಉಳಿದ ಮಾತೆಲ್ಲ ನನಗೆ ಹಿಂದಿಯ ಮೋಗ್ಲಿಯ ಹಾಗೆ.

ಪಯುತ್ 2010ರಲ್ಲೇ ತೀರಿಕೊಂಡಿದ್ದರು. ಥಾಯ್ ಕಿರುಚಿತ್ರೋತ್ಸವದಲ್ಲಿ ಆ್ಯನಿಮೇಷನ್‌ಗೆ ಕೊಡುವ ಪ್ರಶಸ್ತಿಗೆ ಅವರ ಹೆಸರಿದೆ.

ಹುಡುಗ ಕುದುರೆಯನ್ನು ಪಳಗಿಸುವ ನಾಲ್ಕು ನಿಮಿಷದ ತುಣುಕನ್ನು ಕಳೆದ ತಿಂಗಳು ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವನಿಗೀಗ ಐವತ್ತರ ಹತ್ತಿರ, ಕೊಪ್ಪಳದಲ್ಲಿ ಗೊಬ್ಬರದ ಅಂಗಡಿ. ‘ಇದೇನಂತ ಹೇಳು ನೋಡೋಣ’ ಅಂತ ಬರೆದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಮಧ್ಯಾಹ್ನ ಒಂದು ವಾಯ್ಸ್ ಮೆಸೇಜ್ ಬಂತು. ಸರಿಯಾಗಿ ನಾಲ್ಕು ನಿಮಿಷ.

ತುಣುಕು ಹಚ್ಚಿ, ಸೌಂಡು ತೆಗೆದು, ಮೆಸೇಜನ್ನು ಜೊತೆಗೇ ಹಾಕಿದೆ. ಅಲೆ ಸೀಳಿಕೊಂಡು ಮಾ ನಿನ್ ಮಂಕೊನ್ ಮೇಲೆದ್ದಿತು. ಹುಡುಗ ಅದರ ಕುತ್ತಿಗೆಗೆ ಜೋತುಬಿದ್ದ. ಕುದುರೆ ಬಾಯಿ ತೆರೆಯಿತು, ಅಣ್ಣ ದನಿ ದಪ್ಪ ಮಾಡಿದ. ‘ಲೇ ತಮ್ಮಾ, ಹತ್ತಬ್ಯಾಡ. ಮೊದಲ ಆ ಹಳೇ ಐವತ್ತು ರೂಪಾಯಿ ಚುಕ್ತಾ ಮಾಡು.’ ಹಿಂದೆ ಯಾರೋ ಗಿರಾಕಿ, ಸಾವ್ಕಾರ್ರ, ಯೂರಿಯಾ ಬಂತೇನ್ರಿ ಅಂತ ಕೇಳಿದ್ದು ಕೇಳಿಸಿತು. ಅಣ್ಣ ಕುದುರೆಯ ದನಿಯಲ್ಲೇ ‘ನಾಳೆ ಬಾ’ ಅಂದ.